‘ಗೋ’ ಮನೆಯ ಬೀಗತನ

ನಾನು ಹುಟ್ಟಿದಾಗಿನಿಂದ ಯಾರಿಗೂ ಹೆದರಿದವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ನನ್ನನ್ನು ನೋಡಿದವರು ಬೇರೆಯೇ ತಿಳಿದುಕೊಳ್ಳುತ್ತಾರೆ. ಮೈ ಬಡಕಲು, ಧ್ವನಿ ಕೀರಲು, ರುಮಾಲು ಸುತ್ತಿದರೆ ಅದು ಹುಬ್ಬಿನ ಮೇಲೆ ಬಂದು ಕೂಡುತ್ತದೆ. ಆದರೇನಾಯಿತು? ನಿಜಾಮರ ಸರಕಾರದಲ್ಲಿ, ನೌಕರನಾದವನು ಕೆಮ್ಮಿದರೂ ಉರ್ದುವಿನಲ್ಲೇ ಕೆಮ್ಮಬೇಕಾಗಿದ್ದ ಕಾಲದಲ್ಲಿ, ಲಿಂಗಸುಗೂರಿನ ಶಾಲೆಯಲ್ಲಿ ಎದೆಯುಬ್ಬಿಸಿ ನಿಂತು ಕನ್ನಡದಲ್ಲಿ ಇಂಗ್ಲಿಷ್ ಕಲಿಸಿದ ಗಂಡಸು ನಾನು. ಬೇಕಾದರೆ ಊರಲ್ಲಿ ಯಾರನ್ನಾದರೂ ಕೇಳಿ. ನನ್ನ ತಂಗಿ ನೀಲವ್ವನೊಬ್ಬಳನ್ನು ಮಾತ್ರ ಕೇಳಬೇಡಿ.

ಆಗಿನ ನಮ್ಮ ಶಾಲೆಯ ವಿದ್ಯೆ ಹೇಗಿತ್ತೆಂದರೆ, ಪುಸ್ತಕ ಇಂಗ್ಲಿಷಿನದು, ಅರ್ಥ ಹೇಳುವುದು ಉರ್ದುವಿನಲ್ಲಿ, ಮಕ್ಕಳಿಗೆ ತಿಳಿಯುವುದು ಕನ್ನಡ. ಪಕ್ಕದ ಮಸ್ಕಿಗೆ ಹೋಗಬೇಕಾದವನನ್ನು ಹೈದರಾಬಾದಿನ ಮೇಲೆ ಹಾಯಿಸಿ ಕರೆದೊಯ್ದಂತೆ. ಒಮ್ಮೆ ಪುಸ್ತಕದಲ್ಲಿ ‘ಟೇಕ್ ಎ ವಾಕ್’ ಎಂದು ಬಂತು. ತಿರುಗಾಡಲು ಹೋಗುವುದು, ಅಷ್ಟೇ. ನಾನು ಕಾಯಿದೆ ಪ್ರಕಾರ ‘ಹವಾ ಖಾನಾ’ ಎಂದು ಉರ್ದುವಿನಲ್ಲಿ ಹೇಳಿದೆ. ಉರ್ದುವಿನವರು ತಿರುಗಾಡಲು ಹೋದರೆ ಗಾಳಿ ತಿನ್ನುತ್ತಾರೆ, ಆಣೆ ಮಾಡುವಾಗ ಆಣೆಯನ್ನೂ ತಿನ್ನುತ್ತಾರೆ; ಅದು ಅವರ ಮಾತಿನ ಸೊಗಸು, ನನ್ನ ತಕರಾರಿಲ್ಲ. ಮಾರನೆಯ ದಿನ ನೋಡುತ್ತೇನೆ, ಇಡೀ ತರಗತಿ ‘ನಮ್ಮಜ್ಜ ದಿನಾಲು ಸಂಜೆಗೆ ಗಾಳಿ ತಿನ್ನುತ್ತಾನೆ’ ಎಂದು ಇಂಗ್ಲಿಷಿನಲ್ಲಿ ಬರೆದು ತಂದಿದೆ. ಒಬ್ಬ ಮಹಾನುಭಾವನಂತೂ ಅಜ್ಜನಿಗೆ ಹಲ್ಲಿಲ್ಲ, ಆದ್ದರಿಂದ ಮೆತ್ತಗಿನ ಗಾಳಿಯನ್ನಷ್ಟೇ ತಿನ್ನುತ್ತಾನೆ ಎಂದೂ ಸೇರಿಸಿದ್ದ. ನನಗೆ ನಗು ಬಂತು, ಆಮೇಲೆ ಸಿಟ್ಟು ಬಂತು. ಮಕ್ಕಳ ಮೇಲಲ್ಲ. ಅವರು ತಪ್ಪು ಮಾಡಿರಲಿಲ್ಲ. ನಾನು ಬಡಿಸಿದ್ದನ್ನೇ ಉಂಡಿದ್ದರು.

ಅವತ್ತೇ ನಿಶ್ಚಯ ಮಾಡಿದೆ, ಹಾಳಾಗಿ ಹೋಗಲಿ ಕಾಯಿದೆ ಎಂದು. ನಮ್ಮ ಕನ್ನಡವೇನು ಕಡಿಮೆಯೇ? ನಾವು ಬಂಡಿ ಹೊಡೆಯುತ್ತೇವೆ, ನಿದ್ದೆ ಹೊಡೆಯುತ್ತೇವೆ, ಹರಟೆ ಹೊಡೆಯುತ್ತೇವೆ, ಯಾರಿಗೂ ಪೆಟ್ಟಾಗುವುದಿಲ್ಲ. ನೆಗಡಿ ನಮ್ಮನ್ನು ಹಿಡಿಯುತ್ತದೆ, ಇಂಗ್ಲಿಷಿನವರು ತಾವೇ ಹೋಗಿ ನೆಗಡಿಯನ್ನು ಹಿಡಿಯುತ್ತಾರೆ. ಇದನ್ನೆಲ್ಲ ಮಕ್ಕಳಿಗೆ ಹೇಗೆ ತಿಳಿಸುವುದು ಎಂದು ಯೋಚಿಸುತ್ತಿದ್ದಾಗ ನನಗೆ ಬೀಗತನ ನೆನಪಾಯಿತು. ನಮ್ಮ ಕಡೆ ಇಂಥ ಮನೆತನದವರು ಇಂಥ ಮನೆತನಕ್ಕೇ ಹೆಣ್ಣು ಕೊಡುವುದು ಎಂದಿರುತ್ತದಲ್ಲ, ಹಾಗೆಯೇ ಇಂಗ್ಲಿಷ್ ಕ್ರಿಯಾಪದಗಳೂ ಎಂದೆ. ‘ಗೆಟ್’ ದೊಡ್ಡ ಗೌಡರ ಮನೆ. ಸಿಟ್ಟಾಗುವ ‘ಆಂಗ್ರಿ’, ತೊಯ್ಯುವ ‘ವೆಟ್’, ತಯಾರಾಗುವ ‘ರೆಡಿ’, ಎಲ್ಲರಿಗೂ ಅಲ್ಲಿ ಜಾಗ. ‘ಫಾಲ್’ ಮನೆಗೆ ಹೋಗುವವರು ಜಡ್ಡಿನ ‘ಇಲ್’, ನಿದ್ದೆಯ ‘ಅಸ್ಲೀಪ್’. ತಪ್ಪಿನ ‘ಮಿಸ್ಟೇಕ್’ ‘ಮೇಕ್’ ಮನೆಯ ಸೊಸೆ. ಬಾಜೂಕಿರುವ ‘ಡೂ’ ಮನೆಯವರು ಎಷ್ಟು ಕೇಳಿದರೂ ಅವಳನ್ನು ಅಲ್ಲಿಗೆ ಕೊಡುವುದಿಲ್ಲ. ಇನ್ನು ‘ಗೋ’ ಮನೆ. ಅಲ್ಲಿಗೆ ಸೇರುವವರೆಲ್ಲ ಕೆಟ್ಟವರೇ: ಹಳಸುವ ‘ಬ್ಯಾಡ್’, ಹುಚ್ಚಾಗುವ ‘ಮ್ಯಾಡ್’, ಕುರುಡಾಗುವ ‘ಬ್ಲೈಂಡ್’, ತಲೆ ಬೋಳಾಗುವ ‘ಬಾಲ್ಡ್’. ಯಾಕೆ ಎಂದು ಕೇಳಬಾರದು. ಹಿರಿಯರು ಹಾಕಿದ ರೂಢಿ. ಮಕ್ಕಳು ಒಂದು ವಾರದಲ್ಲಿ ಇಂಗ್ಲಿಷಿನ ಎಲ್ಲ ಬೀಗರನ್ನೂ ಗುರುತು ಹಿಡಿದರು.

ಸುದ್ದಿ ಹೆಡ್‌ಮಾಸ್ತರ ಸಾಹೇಬರಿಗೆ ಮುಟ್ಟಿತು. ಅವರು ಹೈದರಾಬಾದಿನವರು, ಸಂಭಾವಿತರು, ಚಹಾ ಕುಡಿಸದೆ ಯಾರನ್ನೂ ಬೈದವರಲ್ಲ. ನನಗೂ ಚಹಾ ಬಂತು.

“ಮಾಸ್ತರ್ ಸಾಬ್, ತರಗತಿಯಲ್ಲಿ ಕನ್ನಡ ನಡೆಯೋದಿಲ್ಲ. ಕಾಯಿದೆ ಅಂದರೆ ಕಾಯಿದೆ.”

“ಸಾಹೇಬ್ರ, ಕಾಯಿದೆ ಮಾಡಿದವ್ರು ಒಮ್ಮೆರ ನಮ್ಮ ತರಗತಿಗೆ ಬಂದು ಹುಡುಗ್ರ ನಡುವ ಕುಂತಿದ್ರೇನ್ರಿ?” ಎಂದೆ.

ಸಾಹೇಬರು ಬಟ್ಟಲನ್ನು ಕೆಳಗಿಟ್ಟರು. ಎಲ್ಲಿಗಾದರೂ ವರ್ಗ ಮಾಡಿಸಬೇಕಾಗುತ್ತದೆ ಎಂದರು. ಮಾಡಿಸ್ರಿ ಎಂದೆ. ನಿಮ್ಮ ಶಾಲೆಯೊಳಗೆ ಬೇಡವೆಂದರೆ ನಮ್ಮ ಪಡಸಾಲೆಯಲ್ಲಿ ಕಲಿಸುತ್ತೇನೆ, ಅಲ್ಲಿಗೆ ಯಾರ ಕಾಯಿದೆ ಬರುತ್ತದೋ ನೋಡೋಣ ಎಂದೂ ಹೇಳಿ, ಚಹಾ ಪೂರ್ತಿ ಕುಡಿದೇ ಎದ್ದು ಬಂದೆ. ಅವರು ವರ್ಗ ಮಾಡಿಸಲಿಲ್ಲ. ನಾನು ಪಡಸಾಲೆಯಲ್ಲಿ ಸಂಜೆಯ ಪಾಠ ಸುರುಮಾಡಿದೆ. ಆ ಬಟ್ಟಲಿನ ಕತೆಯನ್ನು ಮನೆಯಲ್ಲಿ ಎಷ್ಟು ಸಲ ಹೇಳಿದೆನೆಂದರೆ ಅವ್ವ “ಸಾಕು ಮಾಡೋ ಯಪ್ಪಾ, ಆ ಚಾ ಆರಿ ನೀರಾಗೇತಿ” ಎನ್ನತೊಡಗಿದಳು.

ಪಡಸಾಲೆಯ ಪಾಠಕ್ಕೆ ನಾನು ಲೆಕ್ಕ ಹಿಡಿಯದ ಒಬ್ಬ ವಿದ್ಯಾರ್ಥಿ ಇದ್ದಳು. ನೀಲವ್ವ ಒಳಗೆ ರೊಟ್ಟಿ ಬಡಿಯುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ನಾನು ತಪ್ಪಿದರೆ ರೊಟ್ಟಿಯ ಸಪ್ಪಳ ನಿಲ್ಲುತ್ತಿತ್ತು. ಒಂದು ಸಂಜೆ ಮಕ್ಕಳೆಲ್ಲ ಹೋದ ಮೇಲೆ ಕೈಗೆ ಹತ್ತಿದ ಹಿಟ್ಟನ್ನು ಒರೆಸಿಕೊಳ್ಳುತ್ತ ಹೊರಗೆ ಬಂದಳು.

“ಅಣ್ಣಾ, ಆ ‘ಗೋ’ ಮನಿಗೆ ಹೋದಾರೆಲ್ಲ ಯಾಕ ಕೆಡ್ತಾರ?”

“ಕೇಳಬಾರದವ್ವಾ. ಅದು ರೂಢಿ.”

“ನಾ ಕೇಳಾಕತ್ತೀನಲ್ಲ?”

ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ. ಅವಳ ತಲೆಯಲ್ಲಿ ಇದ್ದದ್ದು ಮಸ್ಕಿ. ಮಸ್ಕಿಯಲ್ಲಿ ನಮ್ಮ ಸೋದರಮಾವನ ಮನೆ. ನಮ್ಮ ಅಕ್ಕನನ್ನು ಆ ಮನೆಯ ಹಿರಿಯ ಮಗನಿಗೆ ಕೊಟ್ಟಿದ್ದೆವು. ಓಣಿಗೆಲ್ಲ ಕೇಳುವಂತೆ ನಗುತ್ತಿದ್ದ ಅಕ್ಕ, ಈಗ ಹಬ್ಬಕ್ಕೆ ತವರಿಗೆ ಬಂದರೂ ಕೇಳಿದ್ದಕ್ಕಷ್ಟೇ ಹೂಂ ಎನ್ನುತ್ತಿದ್ದಳು. ಕಿರಿಯ ಮಗನಿಗೆ ನೀಲವ್ವ ಎಂದು ಮಾವ ಅವಳು ತೊಟ್ಟಿಲಲ್ಲಿ ಇದ್ದಾಗಲೇ ಹೇಳಿಟ್ಟಿದ್ದ. ನಮ್ಮಪ್ಪ ತೀರಿಕೊಂಡಿದ್ದರಿಂದ ಹೂಂ ಎನ್ನಬೇಕಾದವನೂ, ಉಹೂಂ ಎನ್ನಬೇಕಾದವನೂ ನಾನೇ.

ಸುಗ್ಗಿ ಮುಗಿದ ಮೇಲೆ ಮಾವ ಬಂಡಿ ಕಟ್ಟಿಕೊಂಡು ಬಂದ. ಮಾವ ಎಂದರೆ ಬಾಗಿಲ ತುಂಬ ಮೈ, ಮೈಗೆ ತಕ್ಕ ಮೀಸೆ, ಎರಡಕ್ಕೂ ಮೀರಿದ ರುಮಾಲು. ಕೂತೊಡನೆ ಪಡಸಾಲೆ ಸಣ್ಣದಾಯಿತು.

“ನೋಡಪಾ ಮಾಸ್ತರ, ಹಿರ್ಯಾಕಿನ್ನ ಕೊಟ್ಟೀರಿ, ಕಿರ್ಯಾಕಿನ್ನೂ ಕೊಟ್ಟುಬಿಡ್ರಿ. ಬ್ಯಾಸಗ್ಯಾಗ ಅಕ್ಕಿಕಾಳು ಹಾಕಿ ಮದಿವಿ ಮುಗಿಸಿಬಿಡೂಣು.”

ಅವ್ವ ಸೆರಗು ಬಾಯಿಗೆ ಹಿಡಿದು ನನ್ನ ಮುಖ ನೋಡಿದಳು. ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಒಳಗೆ ರೊಟ್ಟಿಯ ಸಪ್ಪಳ ನಿಂತಿತು. ನೀಲವ್ವ ಬಾಗಿಲಿಗೆ ಬಂದು ನಿಂತಳು.

“ನಾ ಒಲ್ಲೆ, ಮಾವಾ.”

“ಒಲ್ಲೆ ಅನ್ನಾಕ ನೀ ಯಾರಬೇ? ಇದು ಹಿರ್ಯಾರು ಹಾಕಿದ್ದು.” ಮಾವ ನನ್ನ ಕಡೆ ತಿರುಗಿದ. “ನೀ ಹೇಳಪಾ. ನೀ ಮಾಸ್ತರ ಅದೀ, ತಿಳದಾಂವ ಅದೀ.”

ಹೇಳಬೇಕೆಂದೇ ಬಾಯಿ ತೆರೆದೆ. ದೇವರಾಣೆಗೂ ತಂಗಿಯ ಪರವಾಗಿ ಮಾತಾಡಬೇಕೆಂದೇ ತೆರೆದೆ. ಆದರೆ ಎದುರಿಗೆ ಮಾವನ ಮೀಸೆ ಇತ್ತು. ಚಿಕ್ಕಂದಿನಲ್ಲಿ ಅದನ್ನು ನೋಡಿ ಮಂಚದ ಕೆಳಗೆ ಹೊಕ್ಕವನು ನಾನು. ನನ್ನ ಬಾಯಿಂದ ಬಂದದ್ದು ಹೀಗೆ:

“ರೂಢಿ ಅಂದ್ರ ರೂಢಿ, ನೀಲಾ.”

ಹೇಳಿದ ಕೂಡಲೇ ಗೊತ್ತಾಯಿತು, ಅದು ನನ್ನ ಮಾತಲ್ಲ, ಹೆಡ್‌ಮಾಸ್ತರ ಸಾಹೇಬರದು. ಚಹಾದ ಬಟ್ಟಲೊಂದೇ ಕಡಿಮೆ. ನೀಲವ್ವನಿಗೂ ಗೊತ್ತಾಯಿತು. ಅವಳು ನನ್ನನ್ನು ಒಮ್ಮೆ ನೋಡಿದಳು. ಆಮೇಲೆ ಮಾವನ ಕಡೆ ತಿರುಗಿ ನೆಟ್ಟಗೆ ನಿಂತಳು.

“ಮಾವಾ, ರೂಢಿ ಹಾಕಿದವ್ರು ಒಮ್ಮೆರ ನಿಮ್ಮ ಮನಿಗೆ ಸೊಸಿಯಾಗಿ ಬಂದು ಕುಂತಿದ್ರೇನು? ನಮ್ಮಕ್ಕ ನಕ್ಕೋತ ಬಂದಾಕಿ. ಆಕಿ ನಗೂದನ್ನ ನೀವು ಕಡೀಕ ಯಾವಾಗ ಕೇಳೀರಿ, ಹೇಳ್ರಿ.”

ನಿಜವಾಗಿ ನೆನಪು ಮಾಡಿಕೊಳ್ಳುತ್ತಿದ್ದಾನೆ ಎಂದು ಮಾವನ ಮುಖದಲ್ಲೇ ಕಾಣುತ್ತಿತ್ತು, ನೆನಪಾಗಲಿಲ್ಲ. ಅವ್ವ ಸೆರಗು ಮುಖಕ್ಕೊತ್ತಿ ಅತ್ತೇಬಿಟ್ಟಳು. ಮಾವ ರೊಟ್ಟಿ ತಿನ್ನದೆ ಎದ್ದ. ಹೊಸ್ತಿಲಲ್ಲಿ ನಿಂತು, “ಹಿರ್ಯಾಕಿನ್ನ ನಾಕ ದಿನ ಕಳಿಸಿಕೊಡತೀನಿ, ಇಟಗೊಳ್ರಿ,” ಎಂದಷ್ಟೇ ಹೇಳಿ ಬಂಡಿ ಹತ್ತಿದ. ಅಕ್ಕ ಬಂದಳು. ಬಂದ ಸಂಜೆಯೇ ಒಳಗೆ ಇಬ್ಬರೂ ಏನೋ ಮಾತಾಡಿಕೊಂಡು ಓಣಿಗೆ ಕೇಳುವಂತೆ ನಕ್ಕರು. ನನ್ನ ವಿಷಯವೇ ಇರಬೇಕು.

ಮುಂದೆ ಸಿಂಧನೂರಿನ ಒಂದು ಮನೆತನದವರು ಕೇಳಿಕೊಂಡು ಬಂದರು. ಅವರಿಗೂ ನಮಗೂ ಹಿಂದೆ ಹೆಣ್ಣು ಕೊಟ್ಟು ತಂದ ನೆನಪೇ ಇರಲಿಲ್ಲ. ನೀಲವ್ವ ತಾನೇ ಎದುರಿಗೆ ಕೂತು ಕೇಳಬೇಕಾದದ್ದನ್ನು ಕೇಳಿದಳು, ಓದಲು ಬಿಡುತ್ತೀರೇನು ಎಂಬುದನ್ನೂ. ಅವರು ಹೂಂ ಎಂದರು, ಇವಳೂ ಹೂಂ ಎಂದಳು. ನಾನು ಈಗಲೂ ಬೀಗತನದ ಲೆಕ್ಕದಲ್ಲೇ ಇಂಗ್ಲಿಷ್ ಕಲಿಸುತ್ತೇನೆ, ಯಾರು ಏನೇ ಅನ್ನಲಿ. ಆದರೆ ಯಾಕೆ ಎಂದು ಕೇಳಬಾರದು ಎನ್ನುವುದನ್ನು ಬಿಟ್ಟಿದ್ದೇನೆ. ಕೇಳಿ ಎನ್ನುತ್ತೇನೆ. ಉತ್ತರ ನನಗೂ ಗೊತ್ತಿಲ್ಲ, ಕೇಳಿ.

ನಮ್ಮ ಬಳಗದಲ್ಲಿ ಮಾತ್ರ ಆ ದಿನದ ಸುದ್ದಿ ಸ್ವಲ್ಪ ಬೇರೆ ರೀತಿ ಹಬ್ಬಿದೆ. ಮಸ್ಕಿ ಮಾವನಿಗೆ ಎದುರು ನಿಂತು ಬೇಡವೆಂದವನು ಮಾಸ್ತರ, ಆಳು ಬಡಕಲಾದರೂ ಗಟ್ಟಿಗ ಎನ್ನುತ್ತಾರೆ. ಹಬ್ಬಿಸಿದವರು ಯಾರೋ ನನಗೆ ಗೊತ್ತಿಲ್ಲ. ಅಳಿಸುವುದೂ ನನ್ನ ಕೆಲಸವಲ್ಲ. ಹಬ್ಬಕ್ಕೆ ನೀಲವ್ವ ಬಂದಾಗ ಯಾರಾದರೂ ಈ ಮಾತು ಎತ್ತಿದರೆ, ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ಅಣ್ಣಾ, ಅವತ್ತ ನೀ ಏನಂದಿದ್ದಿ, ಹೇಳು ನೋಡೂಣು” ಎನ್ನುತ್ತಾಳೆ. ನನಗೆ ಆಗಲೇ ಹೊರಗೆ ಏನೋ ಕೆಲಸ ನೆನಪಾಗುತ್ತದೆ.

ನಾನು ಯಾರಿಗೂ ಹೆದರಿದವನಲ್ಲ ಎಂದು ಸುರುವಿಗೇ ಹೇಳಿದೆನಲ್ಲ, ಅದರಲ್ಲಿ ಒಂದಕ್ಷರವನ್ನೂ ಬದಲಿಸುವುದಿಲ್ಲ. ಅವಳು ಸಿಂಧನೂರಿನ ಬಂಡಿ ಹತ್ತಲಿ, ಬಂಡಿ ಓಣಿಯ ತಿರುವು ದಾಟಲಿ. ಇನ್ನೊಮ್ಮೆ ಗಟ್ಟಿಯಾಗಿ ಹೇಳುತ್ತೇನೆ.