ಎಡಕ್ಕೇ ಹೋಗುತ್ತಿದ್ದ ಬಾಣ

ಬೇಸಿಗೆ ಆಗಷ್ಟೇ ಕಾಲಿಟ್ಟಿತ್ತು. ಭಾನುವಾರ ಬೆಳಿಗ್ಗೆ, ಹಾಲಿನವನು ಬಂದುಹೋದ ಹೊತ್ತು. ದರ್ಜಿ ತನ್ನ ರಾಟೆಗಳಿರುವ ಕಾಂಪೌಂಡ್ ಬಿಲ್ಲನ್ನು ಚೀಲದಿಂದ ತೆಗೆದು ಹಿತ್ತಲಲ್ಲಿ ಎಳೆದು ನೋಡಿದ. ಬೆಣ್ಣೆಯಿಂದ ಕೂದಲು ತೆಗೆದಂತೆ ಸಲೀಸಾಗಿ ಬಂತು.

“ನನ್ನ ತೋಳು ನೋಡೇ! ನಿನ್ನೆವರೆಗೂ ತಿಣುಕಿ ತಿಣುಕಿ ಎಳೀತಿದ್ದೆ!”

“ತೋಳು ಆಮೇಲೆ ನೋಡ್ತೀನಿ. ಮೊದಲು ಕಸ ಹೊರಗಿಡಿ,” ಅಂದಳು ಹೆಂಡತಿ.

ಅಂದು ಸಂಜೆ ಬಿಲ್ಲುಗಾರರ ಸಂಘದ ಆಯ್ಕೆ. ಪರವೂರಿನ ಪಂದ್ಯಕ್ಕೆ ಒಬ್ಬನಿಗಷ್ಟೇ ಜಾಗ. ಎದುರಾಳಿ ಬೇರೆ ಯಾರೂ ಅಲ್ಲ, ಮನೆಯಲ್ಲೇ ಠಿಕಾಣಿ ಹೂಡಿದ್ದ ಭಾವಮೈದ. ಅವನದೂ ಇಂಥದೇ ಕಪ್ಪು ಬಿಲ್ಲು. ಅವನು ನರಪೇತಲ ಅಂತ, ಸುಲಭವಾಗಿ ಎಳೆಯಲಿ ಎಂದು ಸಂಘದವರು ಅದರ ಬಿಗಿ ಇಳಿಸಿಕೊಟ್ಟಿದ್ದರು, ಅಷ್ಟೇ.

ದರ್ಜಿ ಬಾಣ ಬಿಟ್ಟ. ಗುರಿಹಲಗೆ ತಪ್ಪಿ ಎಡಕ್ಕೆ ಹೋಯಿತು. ಇನ್ನೊಂದು ಇನ್ನೂ ಎಡಕ್ಕೆ ಹೋಗಿ ಬಿಸಿಲಿಗಿಟ್ಟ ದಿಂಬಿಗೆ ನಾಟಿತು.

ಗೋಡೆಯಾಚೆ ಕ್ಷೌರಿಕನ ತಲೆ ಎದ್ದಿತು. “ಬಾಣ ಗಡಸಾಯ್ತು ಅಣ್ಣಾ! ಬಿಟ್ಟಾಗ ಮೀನಿನ ಹಾಗೆ ಬಳುಕಬೇಕು. ಇದು ಮಾವನ ಮನೆಗೆ ಬಂದ ಅಳಿಯನ ಹಾಗೆ ಸೆಟೆದುಕೊಂಡಿದೆ. ಕತ್ತರಿಸು, ಹಗುರಾಗತ್ತೆ, ಬಳುಕತ್ತೆ.”

ಕತ್ತರಿಸು ಅಂದರೆ ದರ್ಜಿಗೆ ಕೇಳಬೇಕೆ? ಎಲ್ಲ ಬಾಣಗಳನ್ನೂ ಗರಗಸದಲ್ಲಿ ಮೋಟು ಮಾಡಿಟ್ಟ. ಮುಂದಿನದು ಎಡಗಡೆ ಮನೆಯ ಬಕೆಟ್ಟನ್ನೇ ತೂತು ಮಾಡಿತು.

ಆ ಮನೆಯ ಬೇಕರಿಯಾಕೆ ಬಕೆಟ್ ಹಿಡಿದೇ ಬಂದಳು. “ಅಲ್ಲಯ್ಯಾ, ಬಾಗೋದು ಉದ್ದ ಕೋಲೋ, ಮೋಟು ಕೋಲೋ? ಕತ್ತರಿಸಿದಷ್ಟೂ ಗಡಸೇ! ತಲೆ ಬೋಳಿಸೋನ ಮಾತು ಕೇಳ್ಕೊಂಡು ಬಾಣಾನೂ ಬೋಳಿಸಿದ್ಯಾ?”

ದರ್ಜಿ ಹಲ್ಲು ಕಡಿಯುತ್ತ ಬಾಣದಂಗಡಿಯವನ ಮನೆಗೇ ಓಡಿದ. “ಮೆತ್ತಗಿನ ಬಾಣ ಕೊಡಿ.”

“ನಿನ್ನ ಬಿಲ್ಲಿನ ಬಿಗಿಗೆ ಅವು ಆಗಲ್ಲ ಕಣಯ್ಯಾ.”

“ನನ್ನ ಬಿಲ್ಲು ನನಗೆ ಗೊತ್ತಿಲ್ವಾ? ಕೊಡಿ ಸ್ವಾಮಿ, ನೀವೂ ಪಾಠ ಶುರು ಮಾಡಬೇಡಿ!”

ಹೊಸ ಬಾಣ ಸೀದಾ ಗುರಿಹಲಗೆಯ ನಡುಮಧ್ಯಕ್ಕೆ ನಾಟಿತು. ಎರಡನೆಯದು ಅದರ ಮಗ್ಗುಲಿಗೇ. ದರ್ಜಿ ಹಿತ್ತಲಲ್ಲೇ ಕುಣಿದ.

ಒಳಗಿನಿಂದ ಭಾವಮೈದ ಮುಖ ಸಪ್ಪಗೆ ಮಾಡಿಕೊಂಡು ಬಂದ. “ಭಾವಾ, ನಾನು ಆಯ್ಕೆಗೆ ಬರಲ್ಲ. ಯಾಕೋ ಬಿಲ್ಲು ಎಳೆಯೋಕೇ ಆಗ್ತಿಲ್ಲ.”

“ಹೊಟ್ಟೆ ತುಂಬಾ ತಿನ್ನೋ, ನನ್ನ ತೋಳು ನೋಡು!”

ಹೆಂಡತಿ ಸೆರಗಿಗೆ ಕೈ ಒರೆಸುತ್ತ ನಿಂತಳು. “ನಿನ್ನೆ ಧೂಳು ಹೊಡೆದು ಎರಡೂ ಬಿಲ್ಲನ್ನ ಚೀಲಗಳಿಗೆ ಹಾಕ್ದೆ. ಎರಡೂ ಕಪ್ಪಗಿದ್ವು, ಯಾವುದು ಯಾವುದರಲ್ಲಿದ್ರೇನು ಅಂತ…”

ಭಾವಮೈದ ದರ್ಜಿಯ ಕೈಯಲ್ಲಿದ್ದ ಬಿಲ್ಲನ್ನು ಇಸಿದುಕೊಂಡು ಎಳೆದ. “ಇದು ನಂದೇ! ಭಾವಾ, ಬಾಣ ಎಷ್ಟು ಚೆನ್ನಾಗಿ ಹೊಂದಿಸಿ ಕೊಟ್ಟಿದ್ದೀರಿ!”

ಸಂಜೆ ಆಯ್ಕೆಯಲ್ಲಿ ದರ್ಜಿ ತನ್ನ ಬಿಲ್ಲನ್ನು ತಿಣುಕಿ ಎಳೆದು ಬಿಟ್ಟ ಮೋಟು ಬಾಣಗಳು ಒಂದೊಂದು ಒಂದೊಂದು ದಿಕ್ಕು ಹಿಡಿದವು. ಮರುದಿನ ಅವನು ದಿಂಬಿಗೆ ತೇಪೆ ಹಾಕುತ್ತ ಕೂತಿರುವಾಗಲೇ, ಮೆತ್ತಗಿನ ಬಾಣಗಳನ್ನು ಬಗಲಿಗೇರಿಸಿಕೊಂಡು ಭಾವಮೈದ ಪಂದ್ಯಕ್ಕೆ ಹೊರಟುಹೋದ, ಸೋಮವಾರದ ಮೊದಲ ಬಸ್ಸಿಗೆ.