ಗಟ್ಟಿಮೇಳವಾಗಿ ಮೊಳಗಿದ ತಮ್ಮ ಇಂಗ್ಲಿಷ್ ಪ್ಲೇಟಿನ ಕುರಿತು

ಅಜ್ಜಂಪುರ, ಜೂನ್ 1959

ಗ್ರಾಮಫೋನ್ ಪ್ಲೇಟು ಕಂಪನಿಯ ಮ್ಯಾನೇಜರ್ ಸಾಹೇಬರ ಸನ್ನಿಧಾನಕ್ಕೆ,

ಮಾನ್ಯರೇ, ಮಂಡಿ ವ್ಯಾಪಾರಿ ತೀರ್ಥಪ್ಪನಾದ ನಾನು ತಮಗೂ ತಮ್ಮ ಪ್ಯಾಕಿಂಗ್ ವಿಭಾಗದ ಪುಣ್ಯಾತ್ಮನಿಗೂ ಕೈಮುಗಿದು ಅರಿಕೆ ಮಾಡುವುದೇನೆಂದರೆ, ತಾವು ನಾಗಸ್ವರದ ಕವರಿನೊಳಗೆ ಅಮೆರಿಕದ ನಾಲ್ವರು ಗಂಡಸರನ್ನು ತುಂಬಿ ಕಳಿಸಿದ್ದೀರಿ.

ಲೇಬಲನ್ನು ಸ್ಟೇಷನ್ ಮಾಸ್ತರರಿಂದ ಓದಿಸಿದೆ. ತಂಡಕ್ಕೆ ಯಾವುದೋ ಹಕ್ಕಿಯ ಹೆಸರಂತೆ. ಹಾಡಿಗೆ ಬರೀ ಒಂದು ಹುಡುಗಿಯ ಹೆಸರು. ಅಪ್ಪ ಯಾರು, ಊರು ಯಾವುದು, ಒಂದೂ ಇಲ್ಲ. ಒಬ್ಬಳಿಗಾಗಿ ನಾಲ್ವರೂ ಒಟ್ಟಿಗೆ ಗೋಗರೆಯುವ ಮೊದಲು ತಮ್ಮತಮ್ಮಲ್ಲೇ ಒಂದು ತೀರ್ಮಾನಕ್ಕೆ ಬರಬಾರದಿತ್ತೇ? ಒಬ್ಬ ಅಳುತ್ತಾನೆ, ಇಬ್ಬರು 'ಶೂ ಶೂ ಡೂ' ಎಂದು ಕೋಳಿ ಓಡಿಸುತ್ತಾರೆ, ನಡುವೆ ಯಾರೋ ಕೆಮ್ಮಿದ್ದನ್ನೂ ಹಾಗೆಯೇ ಬಿಟ್ಟಿದ್ದೀರಿ, ಎಲ್ಲರೂ ಬಾವಿಗಿಳಿದು ಹಾಡಿದಂತಿದೆ. ಇಷ್ಟನ್ನೂ ಕ್ಷಮಿಸಿದ್ದೇನೆ. ಆದರೆ ಹಾಡು ಮುಗಿದೇ ಹೋದಂತೆ ಸುಮ್ಮನಾಗಿ, ಆಮೇಲೆ ನಾಲ್ಕನೆಯವನು ಪಾತಾಳದಿಂದ 'ಬೊಂ ಬೊಂ ಬೊಂ' ಎಂದು ಎದ್ದು ಬರುತ್ತಾನಲ್ಲ, ಅದನ್ನು ಮಾತ್ರ ಕ್ಷಮಿಸಲಾರೆ.

ಕಳೆದ ತಿಂಗಳು ತರೀಕೆರೆಯಲ್ಲಿ ನನ್ನ ಮಗ ಬಸವರಾಜನ ಮದುವೆ. ವಾದ್ಯದವರು ಬೀರೂರಿನಲ್ಲಿ ರೈಲು ತಪ್ಪಿಸಿಕೊಂಡದ್ದರಿಂದ, ಮೈಕ್ ಸೆಟ್ಟಿನ ಕೆಂಚಪ್ಪ ತಾನು ತರಿಸಿಟ್ಟಿದ್ದ ತಮ್ಮ ಹೊಸ ಪ್ಲೇಟನ್ನೇ ನಾಗಸ್ವರವೆಂದು ಹಾಕಿದ. ಹೆಣ್ಣಿನ ಕಡೆಯವರು ಹುಡುಗನಿಗೆ ರೇಡಿಯೋ ಕೊಡುತ್ತಾರೆಂದು ನಾನು ಊರಿಗೆಲ್ಲ ಸಾರಿದ್ದೆ. ತಾಳಿ ಅವನ ಕೈಯಲ್ಲಿದೆ, ರೇಡಿಯೋ ಮಾತ್ರ ಕಾಣೆ. ಹಾಡು ನಿಂತಿತು. ಇದೇ ಹದವಾದ ಹೊತ್ತೆಂದು ಎದ್ದು ನಿಂತು, "ರೇಡಿಯೋ ಎಲ್ರೀ? ಅದು ಬರೋಗಂಟ ತಾಳಿ ಕಟ್ಟಂಗಿಲ್ಲ" ಎನ್ನುವಷ್ಟರಲ್ಲಿ ತಮ್ಮ ಆ ನಾಲ್ಕನೆಯ ಮಹಾಶಯ ಲೌಡ್‌ಸ್ಪೀಕರಿನಲ್ಲಿ ಎದ್ದ. ನಮ್ಮ ಚಪ್ಪರಗಳಲ್ಲಿ ಹಿಂದೆ ಕೂತವರಿಗೆ ಮಂಟಪ ಕಾಣುವುದಿಲ್ಲ. ಜೋರು ಸದ್ದೆದ್ದರೆ ಗಟ್ಟಿಮೇಳವೆಂದು ಅಕ್ಷತೆ ಎಸೆಯುವುದೇ ರೂಢಿ. ಎಸೆದರು. ತೆರೆದಿದ್ದ ನನ್ನ ಬಾಯಿಗೂ ನಾಲ್ಕು ಕಾಳು ಬಿದ್ದವು. ಅಕ್ಷತೆ ಬಿತ್ತಲ್ಲ ಎಂದು ನನ್ನ ಸುಪುತ್ರ ಮೂರು ಗಂಟೂ ಹಾಕಿಯೇಬಿಟ್ಟ.

"ಆಗೋಯ್ತಲ್ಲ ಬೀಗ್ರೇ, ಊಟಕ್ಕೇಳಿ" ಎಂದರು ಬೀಗಿತ್ತಿ ಗುರುಶಾಂತಮ್ಮನವರು. ಆಹಾ, ಎಂಥ ಉಪಚಾರ!

ಆದಕಾರಣ ಆ ಗಂಟಲಿನ ಧಣಿಯನ್ನು ಅಜ್ಜಂಪುರದ ಪಂಚಾಯ್ತಿಗೆ ಹಾಜರುಪಡಿಸಿ, 'ನಾನು ಗಟ್ಟಿಮೇಳವಲ್ಲ' ಎಂದು ಕನ್ನಡದಲ್ಲಿ ಪ್ರಮಾಣ ಮಾಡಿಸಬೇಕು. ಇಲ್ಲವೇ ರೇಡಿಯೋವನ್ನು ತಾವೇ ಕಳಿಸಬೇಕು. ಇನ್ನು ಮುಂದೆ ಹಾಡು ನಿಲ್ಲುವ ಜಾಗಕ್ಕೆ ಕೆಂಪು ಬಣ್ಣ ಬಳಿದು, 'ಬೀಗರು ಇಲ್ಲಿ ಬಾಯಿ ತೆರೆಯಕೂಡದು' ಎಂದು ಅಚ್ಚು ಹಾಕಿಸುವ ಕೃಪೆಯಾಗಲಿ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ತೀರ್ಥಪ್ಪ

ಮರೆತಿದ್ದೆ: ಬರುವ ಮಾಘದಲ್ಲಿ ನನ್ನ ಮಗಳು ಮಲ್ಲಿಕಾಂಬಳ ಮದುವೆ. ಕಡೂರಿನ ಬೀಗರು ಮೋಟಾರ್ ಸೈಕಲ್ ಕೇಳುತ್ತಿದ್ದಾರೆ. ಅದೇ ಪ್ಲೇಟು ಇನ್ನೊಂದನ್ನು ಕೂಡಲೇ ವಿ.ಪಿ. ಅಂಚೆಯಲ್ಲಿ ಕಳಿಸಿ, ದುಡ್ಡು ಕೊಟ್ಟು ಬಿಡಿಸಿಕೊಳ್ಳುತ್ತೇನೆ. ಕವರು ನಾಗಸ್ವರದ್ದೇ ಇರಲಿ.