ಮಹಡಿ ಮನೆಯ ಮೌನ

ಬೆಳಿಗ್ಗೆ ನಾಟಕದ ನಿರ್ದೇಶಕರು ಫೋನು ಮಾಡಿದ್ದೇ ಎಲ್ಲಕ್ಕೂ ಮೂಲ. ಪೀಪಿ ಇನ್ನೂ ಹಾಸಿಗೆಯಲ್ಲಿದ್ದ. ಫೋನು ಹೊರಗೆ ಹಾಲ್‌ನಲ್ಲಿ ಚಾರ್ಜಿಗಿತ್ತು. ಹಾಗಾಗಿ ಅವನ ಭಾವನೇ ಅದನ್ನೆತ್ತಿ, ಸ್ಪೀಕರಿಗೆ ಹಾಕಿ, ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಕೋಣೆಗೆ ತಂದ.

"ನಿಮ್ಮ ಸಂಗೀತ ಕೇಳಿದೆ. ನಲವತ್ತು ಜನ ನುಡಿಸಿದ ಹಾಗಿದೆ," ಎಂದರು ನಿರ್ದೇಶಕರು. "ಆದ್ರೆ ನಲವತ್ತರಲ್ಲಿ ಒಬ್ಬನಿಗೂ ಉಸಿರಿಲ್ಲ. ತೊಳೆದಿಟ್ಟ ಆಸ್ಪತ್ರೆ ಥರ ಇದೆ. ಸಂಜೆ ನಾನೇ ಬರ್ತೀನಿ. ಅಷ್ಟರಲ್ಲಿ ಅದರೊಳಗೆ ಮನುಷ್ಯರು ಬಂದಿದ್ರೆ ಸರಿ. ಇಲ್ಲಾಂದ್ರೆ ಬೇರೆಯವರನ್ನ ನೋಡ್ಕೋತೀನಿ."

ಭಾವ ನೊರೆ ಉಗಿದು ಬಂದ. "ಕೇಳಿಸ್ತಾ? ಇದು ಮೂರನೇ ನಾಟಕ. ಇದೂ ಬಿದ್ದುಹೋದ್ರೆ ಕೋಣೆ ಖಾಲಿ ಮಾಡಿ ನಾಳೆಯಿಂದ ಅಂಗಡಿಗೆ ಬಾ. ಕಮೋಡ್ ಮಾರೋಕೆ ನಿನ್ನ ಉಸಿರೊಂದಿದ್ರೆ ಸಾಕು."

ಭಾವನದು ನಲ್ಲಿ, ಪೈಪು, ಕಮೋಡುಗಳ ಅಂಗಡಿ. ಪೀಪಿ ಎಂಬ ಹೆಸರನ್ನು ಇಟ್ಟವನೂ ಅವನೇ. ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರು, ಒಂದು ಕೀಬೋರ್ಡು, ಒಂದು ಮೈಕು ಇಟ್ಟುಕೊಂಡು, ಸದ್ದು ಹೊರಗೆ ಹೋಗದಂತೆ ಗೋಡೆಗೆ ಹಳೇ ಕಂಬಳಿ ಹೊಡೆದು, ಪೀಪಿ ನಾಟಕಗಳಿಗೆ ಇಡೀ ವಾದ್ಯವೃಂದದ ಸಂಗೀತ ತಯಾರಿಸುತ್ತಿದ್ದ. ಪಿಟೀಲು, ಕೊಳಲು, ಕಹಳೆ, ನಗಾರಿ ಎಲ್ಲವೂ ಅವನ ಬೆರಳ ತುದಿಯಿಂದಲೇ ಹೊರಡುತ್ತಿದ್ದವು. ಈ ಸಲದ ನಾಟಕ ಸತ್ತ ಯಜಮಾನನೊಬ್ಬ ತನ್ನ ಮನೆಗೆ ಮರಳಿ ಬರುವ ಕತೆ. ಅದಕ್ಕೆಂದು ಅವನು ನಗಾರಿಗಳನ್ನು ಧಾರಾಳವಾಗಿ ಬಳಸಿದ್ದ.

ನಿರ್ದೇಶಕರ ಮಾತು ಸುಳ್ಳಲ್ಲವೆಂದು ಅವನಿಗೂ ಗೊತ್ತಿತ್ತು. ಯಂತ್ರದ ಪಿಟೀಲು ನಿಂತರೆ ದೀಪ ಆರಿಸಿದ ಹಾಗೆ ಪೂರ್ತಿ ನಿಂತುಬಿಡುತ್ತದೆ. ನಿಜವಾದ ವಾದಕರು ನುಡಿಸುವುದು ಮುಗಿದ ಮೇಲೂ ಅಲ್ಲೇ ಕೂತಿರುತ್ತಾರೆ. ಹಾಗೆ ಕೂತಿರುವುದಕ್ಕೂ ಒಂದು ಸದ್ದಿದೆ. ಅದಕ್ಕಾಗಿ ಕಸುಬಿನವರು ಒಂದು ಕೋಣೆಯ ಮೌನವನ್ನು ಮೈಕಿನಲ್ಲಿ ಹಿಡಿದು ತಂದು, ಚಾಪೆಯ ಹಾಗೆ ಸಂಗೀತದ ಅಡಿಗೆ ಹಾಸುತ್ತಾರೆ.

ಆದರೆ ಆ ಕಟ್ಟಡದಲ್ಲಿ ಮೌನ ಎಲ್ಲಿ ಸಿಗಬೇಕು? ಅಡುಗೆಮನೆಯಲ್ಲಿ ಅಕ್ಕನ ಕುಕ್ಕರು ಕೂಗುತ್ತಿತ್ತು. ಕೆಳಗಡೆ ಟೈಲರಿನ ಮಿಶಿನ್ನು ಒದರುತ್ತಿತ್ತು. ಕೊನೆಗೆ ಪೀಪಿ ಮೈಕು ಹಿಡಿದುಕೊಂಡು ಮಹಡಿ ಹತ್ತಿದ.

ಮಹಡಿ ಆಂಟಿಗೆ ಆಂಟಿ ಎನ್ನಿಸಿಕೊಳ್ಳುವ ವಯಸ್ಸೇನೂ ಆಗಿರಲಿಲ್ಲ. ಎರಡು ವರ್ಷದ ಹಿಂದೆ ಗಂಡ ತೀರಿಹೋದ ಮೇಲೆ ಕಟ್ಟಡದವರೆಲ್ಲ ಸೇರಿ ಬಡ್ತಿ ಕೊಟ್ಟಿದ್ದರು.

"ಮೌನ ಬೇಕಾ?" ಎಂದಳು ಅವಳು. "ಬಾ, ನಮ್ಮನೇಲಿ ಬೇಕಾದಷ್ಟಿದೆ. ಎಷ್ಟು ಬೇಕೋ ತುಂಬ್ಕೊಂಡು ಹೋಗು."

ಗಂಡನ ಕೋಣೆಯ ಬಾಗಿಲು ತೆಗೆದುಕೊಟ್ಟಳು. ಒಂದು ಮೇಜು, ಒಂದು ಕುರ್ಚಿ, ಮುಚ್ಚಿದ ಕಿಟಕಿ. ಪೀಪಿ ಮೈಕನ್ನು ಮೇಜಿನ ಮೇಲಿಟ್ಟು ಹೊರಗೆ ಬಂದು ಬಾಗಿಲು ಎಳೆದುಕೊಂಡ. ಒಳಗೆ ಮೌನ ತುಂಬುವ ತನಕ ಇಬ್ಬರೂ ಪಡಸಾಲೆಯಲ್ಲಿ, ವೈದ್ಯರನ್ನು ಕಾಯುವವರ ಹಾಗೆ ಸುಮ್ಮನೆ ನಿಂತರು.

ಕೆಳಗೆ ತನ್ನ ಕೋಣೆಗೆ ಮರಳಿದವನೇ ಆ ಮೌನವನ್ನು ನಲವತ್ತು ವಾದ್ಯಗಳ ಕೆಳಗೆ ಹಾಸಿ, ಹೆಡ್‌ಫೋನು ಹಾಕಿ ಕೇಳಿದ. ಕಹಳೆಗಳು ಏರಿದವು, ನಿಂತವು. ಆಮೇಲಿನ ಬಿಡುವಿನಲ್ಲಿ ಯಾರೋ ಉಸಿರೆಳೆದುಕೊಂಡರು.

ಪೀಪಿ ತಿರುಗಿ ನೋಡಿದ. ಯಾರೂ ಇರಲಿಲ್ಲ. ಪಿಟೀಲುಗಳ ಸದ್ದು ತೆಗೆದ. ಉಸಿರು ಇತ್ತು. ಎಲ್ಲ ವಾದ್ಯಗಳನ್ನೂ ತೆಗೆದ. ಈಗ ಉಸಿರು ಇನ್ನೂ ಸ್ಪಷ್ಟವಾಗಿ ಕೇಳಿಸಿತು. ಜೊತೆಗೆ ಗಂಟಲು ಸರಿಮಾಡಿಕೊಂಡ ಸದ್ದು. ಮೌನವೊಂದನ್ನೇ ತೆಗೆದರೆ ಎಲ್ಲವೂ ಮಾಯ. ಅವನ ತೋಳಿನ ಕೂದಲು ಹೊಸ ಬ್ರಷ್ಷಿನ ಎಳೆಗಳಂತೆ ನೆಟ್ಟಗೆ ನಿಂತವು.

"ಅಕ್ಕಾ!"

ಅಕ್ಕ ಸೌಟು ಹಿಡಿದುಕೊಂಡೇ ಬಂದು ಕೇಳಿ, ಸೌಟು ಬಿಟ್ಟಳು. ಸೌಟಿನ ಸದ್ದಿಗೆ ಕೆಳಗಿನ ಟೈಲರು ಕೊರಳಲ್ಲಿ ಟೇಪು ನೇತುಹಾಕಿಕೊಂಡು ಮೇಲೆ ಬಂದ. ಊಟಕ್ಕೆ ಬಂದ ಭಾವನೂ ಸೇರಿದ. ಪೀಪಿ ಸ್ಪೀಕರಿನಲ್ಲಿ ಹಾಕಿದ.

"ಇದು ಪೈಪೊಳಗಿನ ಗಾಳಿ ಕಣಯ್ಯ," ಎಂದ ಟೈಲರು.

"ಪೈಪಿನ ವಿಷಯ ನಂಗೆ ಹೇಳ್ಬೇಡ," ಭಾವನಿಗೆ ಕಸುಬಿನ ಅಭಿಮಾನ ಕೆರಳಿತು. "ಇಪ್ಪತ್ತು ವರ್ಷದಿಂದ ಮಾರ್ತಿದೀನಿ. ಪೈಪು ಗಂಟಲು ಸರಿಮಾಡ್ಕೊಳಲ್ಲ."

"ಹಾಗಾದ್ರೆ ಯಾರು?"

"ನಮ್ಮವರು," ಎಂದಿತು ಬಾಗಿಲ ಬಳಿಯಿಂದ ಒಂದು ದನಿ.

ಮಹಡಿ ಆಂಟಿ ಯಾವಾಗ ಇಳಿದು ಬಂದಳೋ ಯಾರಿಗೂ ಗೊತ್ತಾಗಿರಲಿಲ್ಲ. ಅವಳು ನೇರ ಒಳಗೆ ಬಂದು ಸ್ಪೀಕರಿನ ಮುಂದೆ ಸ್ಟೂಲು ಎಳೆದುಕೊಂಡು ಕೂತಳು. ಅಳುತ್ತಾಳೆಂದು ಅಕ್ಕ ಸೆರಗು ಹಿಡಿದು ಸಿದ್ಧವಾಗಿದ್ದಳು. ಆಂಟಿ ಅಳಲಿಲ್ಲ.

"ಈಗ್ಲೂ ಅದೇ ಗಂಟಲು! ಬಿಸಿನೀರು ಕುಡೀರಿ ಕುಡೀರಿ ಅಂತ ಎಷ್ಟು ಬಡ್ಕೊಂಡೆ. ಕೇಳಿದ್ರಾ? ಪೀಪಿ, ಇನ್ನೊಂದ್ಸಲ ಹಾಕು."

ಹಾಕಿದ. ಮತ್ತೊಮ್ಮೆ ಹಾಕಿದ. ಆಂಟಿ ಬಿಡುವು ಸಿಕ್ಕಿದಲ್ಲೆಲ್ಲ ಮಾತಾಡತೊಡಗಿದಳು. ಮಹಡಿಯ ಬಲ್ಬು ಹೋಗಿದೆ. ನಿಮ್ಮ ತಮ್ಮ ಈ ಕಡೆ ತಲೆ ಹಾಕಿಲ್ಲ. ನೀಲಿ ಅಂಗಿ ಯಾರಿಗೂ ಕೊಟ್ಟಿಲ್ಲ, ಗಾಬರಿಯಾಗಬೇಡಿ.

"ಆಂಟಿ, ಇದು ರೆಕಾರ್ಡಿಂಗು," ಎಂದ ಪೀಪಿ. "ಉತ್ತರ ಬರಲ್ಲ."

"ಇದ್ದಾಗ್ಲೂ ಬರ್ತಿರ್ಲಿಲ್ಲ," ಎಂದಳು ಆಂಟಿ. ಆಮೇಲೆ ಸ್ಪೀಕರಿನತ್ತ ಬಾಗಿ, "ಏನ್ರೀ, ನಾನು ಹೇಳಿದ್ದು ಕೇಳಿಸ್ತಾ?" ಎಂದು ಕೇಳಿದಳು.

ಗಂಟಲು ಸರಿಮಾಡಿಕೊಂಡ ಸದ್ದು ಬಂತು.

ಪೀಪಿ ಪರದೆ ನೋಡಿದ. ಧ್ವನಿಯ ಗೆರೆಯಲ್ಲಿ ಈ ಸಲದ ಸದ್ದು ಬಂದ ಜಾಗ ಬೆಳಿಗ್ಗೆಯಿಂದ ಸಪಾಟಾಗಿತ್ತು. ಈಗ ಅಲ್ಲೊಂದು ಸಣ್ಣ ಉಬ್ಬು ಎದ್ದಿತ್ತು. ಅದನ್ನು ಹಿಂದಿನಿಂದ ನೋಡಿದ್ದ ಟೈಲರಿಗೆ ತಟ್ಟನೆ ಇಸ್ತ್ರಿಪೆಟ್ಟಿಗೆ ಆರಿಸದೆ ಬಂದದ್ದು ನೆನಪಾಯಿತು. ಎರಡೆರಡು ಮೆಟ್ಟಿಲು ಹಾರಿ ಕೆಳಗೋಡಿದ.

ಸಂಜೆ ನಿರ್ದೇಶಕರು ಬಂದಾಗ ಪೀಪಿ ಮೈಯೆಲ್ಲ ಬೆವರಾಗಿದ್ದ. ಕೆಲಸ ಉಳಿಯಬೇಕು, ಕೋಣೆ ಉಳಿಯಬೇಕು. ಉಸಿರಿನ ಸದ್ದನ್ನು ಕಡಿಮೆ ಮಾಡಲು ನೋಡಿದ್ದ. ತಗ್ಗಿಸಿದಷ್ಟೂ ಅದು ಹತ್ತಿರ ಬರುತ್ತಿತ್ತು. ಆಂಟಿ ಸ್ಟೂಲು ಬಿಟ್ಟೇಳಲಿಲ್ಲ. ಭಾವ ಅಂಗಡಿಗೆ ಮರಳದೆ, ಪಂದ್ಯದ ಕೊನೆಯ ಓವರು ನೋಡುವವನ ಹಾಗೆ ಬಾಗಿಲಿಗೊರಗಿ ನಿಂತಿದ್ದ.

ನಿರ್ದೇಶಕರು ಕಣ್ಣು ಮುಚ್ಚಿ ಕೇಳಿದರು. ಕಹಳೆಗಳು ಏರಿ ನಿಂತವು. ಉಸಿರು ಬಂತು. ಅಕ್ಕ ಕೊಟ್ಟ ಕಾಫಿ ಲೋಟ ಅವರ ಬಾಯಿಯ ಬಳಿಯೇ ನಿಂತಿತು.

"ಬಂದ್ರು," ಎಂದರು ಪಿಸುಮಾತಿನಲ್ಲಿ. "ಮನುಷ್ಯರು ಬಂದ್ರು!"

ಪೀಪಿಯ ಎದೆ ಪೂರಿಯ ಹಾಗೆ ಉಬ್ಬಿತು. ಓರೆಗಣ್ಣಲ್ಲಿ ಭಾವನನ್ನು ನೋಡಿದ.

"ಆ ಪಿಟೀಲು ಸ್ವಲ್ಪ ತೆಗೀರಿ. ಉಸಿರಿನ ಮೇಲೆ ಬೀಳ್ತಿದೆ."

ಪೀಪಿ ತೆಗೆದ.

"ಕೊಳಲೂ ತೆಗೀರಿ. ಹಾಂ. ಆ ನಗಾರಿ ಯಾಕೆ ಬೇಕು?"

"ಸರ್, ಅದು ಕತೆಯ ಮುಖ್ಯ ಘಟ್ಟ..."

"ತೆಗೀರಿ."

ತನ್ನ ಕೈಯಾರೆ ಒಂದೊಂದೇ ವಾದ್ಯದ ಬಾಯಿ ಮುಚ್ಚುತ್ತ ಹೋದ. ನಲವತ್ತೂ ಮುಗಿದವು. ಕೋಣೆಯಲ್ಲಿ ಉಳಿದದ್ದು ಒಬ್ಬ ಗಂಡಸಿನ ನಿಧಾನವಾದ ಉಸಿರು. ಅಕ್ಕ ತನ್ನ ಉಸಿರು ಹಿಡಿದಳು. ಸ್ಪೀಕರಿನ ಉಸಿರು ಮಾತ್ರ ನಡೆದೇ ಇತ್ತು.

"ಇಷ್ಟೇ," ಎಂದರು ನಿರ್ದೇಶಕರು. "ಇಷ್ಟೇ ಸಾಕು. ನನ್ನ ಯಜಮಾನ ಮನೆಗೆ ಬಂದ. ಪೋಸ್ಟರಲ್ಲಿ ಸಂಗೀತ ಅಂತ ಯಾರ ಹೆಸರು ಹಾಕ್ಲಿ?"

ಪೀಪಿ ಬಾಯಿ ತೆರೆಯುವ ಮೊದಲೇ ಆಂಟಿ ಗಂಡನ ಪೂರ್ತಿ ಹೆಸರು ಹೇಳಿದಳು. ಡಿಗ್ರಿಯನ್ನೂ ಸೇರಿಸಿದಳು. ನಿರ್ದೇಶಕರು ಫೋನಿನಲ್ಲಿ ಬರೆದುಕೊಂಡರು.

"ಸರ್, ಮೌನ ಹಿಡ್ಕೊಂಡು ಬಂದದ್ದು ನಾನು!"

"ಹಿಡಿದೋರು ನೀವು, ಒಪ್ಕೊಂಡೆ. ಉಸಿರಾಡಿದ್ದು ಅವರು." ನಿರ್ದೇಶಕರು ಚಪ್ಪಲಿ ಮೆಟ್ಟುತ್ತ ಆಂಟಿಯ ಕಡೆ ತಿರುಗಿದರು. "ಎರಡನೇ ಅಂಕಕ್ಕೂ ಇವರೇ ಇರ್ಲಿ. ಮುಂದಿನ ವಾರ ಸಿಕ್ರೆ ಸಾಕು, ಅವಸರ ಮಾಡ್ಬೇಡಿ. ಇಂಥ ಕಲಾವಿದರನ್ನ ಪೀಡಿಸಬಾರದು."

ಅವರು ಹೋದ ಮೇಲೆ ಅಕ್ಕ ಖಾಲಿ ಲೋಟ ಎತ್ತಿಕೊಂಡಳು.

"ಅಲ್ಲ, ನಿಮ್ಮವರು ಮುಂದಿನ ಕೆಲಸ ಎಲ್ಲಿ ಕೂತು ಮಾಡ್ತಾರೆ?" ಅಕ್ಕ ಮೆಲ್ಲಗೆ ಕೇಳಿದಳು. "ಮೇಲೇನಾ?"

"ಮೇಲೆ ಈಗ ಯಾರೂ ಇಲ್ಲ," ಎಂದಳು ಆಂಟಿ. "ಮಧ್ಯಾಹ್ನ ಕೆಳಗಿಳಿಯೋಕೆ ಮುಂಚೆ ಒಳಗೆ ಹೋಗಿ ನೋಡಿದ್ದೆ. ಕೋಣೆ ಖಾಲಿ ಅನ್ನಿಸ್ತು. ಎರಡು ವರ್ಷದಲ್ಲಿ ಒಂದು ದಿನವೂ ಹಾಗನ್ನಿಸಿರ್ಲಿಲ್ಲ. ಅವರು ಇಲ್ಲೇ ಇದ್ದಾರೆ." ಸ್ಟೂಲಿನಿಂದ ಎದ್ದು ಸೆರಗು ಸರಿಮಾಡಿಕೊಂಡಳು. "ಕಿಟಕಿ ಮಾತ್ರ ತೆಗೀಬೇಡಿ. ಗಾಳಿ ಅವರಿಗೆ ಆಗಲ್ಲ."

ಭಾವ ಕೋಣೆಯನ್ನು ಒಮ್ಮೆ, ಪೀಪಿಯನ್ನು ಒಮ್ಮೆ ನೋಡಿದ. ಬಹಳ ಯೋಚಿಸುವ ಅಗತ್ಯ ಅವನಿಗೆ ಬೀಳಲಿಲ್ಲ.

"ಇರ್ಲಿ ಬಿಡಮ್ಮ. ಊಟ ಕೇಳಲ್ಲ. ಡಬಡಬ ಅಂತ ಬಾರಿಸಲ್ಲ. ಕೈಯಲ್ಲಿ ಕೆಲಸವೂ ಇದೆ. ಇಂಥೋರಿಗೆ ಕೋಣೆ ಕೊಟ್ರೆ ಮನೆಗೊಂದು ಮರ್ಯಾದೆ." ಪೀಪಿಯ ಬೆನ್ನು ತಟ್ಟಿದ. "ನೀನು ಹೊರಗೆ ಹಾಲ್‌ನಲ್ಲಿ ಮಲ್ಕೋ. ಬೆಳಿಗ್ಗೆ ಬೇಗ ಏಳು, ಹೊಸ ಕಮೋಡ್ ಬಂದಿವೆ, ಇಳಿಸ್ಬೇಕು."

ಎಲ್ಲರೂ ಹೋದರು. ಪೀಪಿ ಕಂಪ್ಯೂಟರಿನ ಮುಂದೆ ಕುರ್ಚಿಯಲ್ಲಿ ಕೂತೇ ಇದ್ದ. ನಲವತ್ತು ಗೆರೆಗಳು ಬಾಯಿ ಮುಚ್ಚಿಕೊಂಡು ಪರದೆಯ ಮೇಲೆ ಸಾಲಾಗಿ ಮಲಗಿದ್ದವು. ತಿಂಗಳುಗಟ್ಟಲೆ ದುಡಿದದ್ದು. ಒಂದು ಸಲವಾದರೂ ಪೂರ್ತಿ ಕೇಳೋಣವೆಂದು ಮೌಸಿಗೆ ಕೈ ಹಾಕಿದ.

ಬೆನ್ನ ಹಿಂದೆ ಯಾರೋ ಗಂಟಲು ಸರಿಮಾಡಿಕೊಂಡರು. ಸ್ಪೀಕರಿನಿಂದಲ್ಲ. ಬಹಳ ವಿನಯವಾಗಿ, ಬಸ್ಸಿನಲ್ಲಿ ಸೀಟಿಗೆ ಕಾಯುವವರ ಹಾಗೆ.

ಪೀಪಿ ಎದ್ದು ದಿಂಬು ಕಂಕುಳಲ್ಲಿಟ್ಟುಕೊಂಡು ಪಕ್ಕಕ್ಕೆ ಸರಿದ.

"ಕೂತ್ಕೊಳ್ಳಿ, ಸರ್," ಎಂದ.

ಕುರ್ಚಿ ಕಿರ್ ಎಂದು ತುಸು ತಗ್ಗಿತು.